ಜಿಎನ್‌ಎಂ ಆದ ಮೇಲೆ ಬಿಎಸ್ಸಿ ನರ್ಸಿಂಗ್: ಎರಡೂ ಕ್ಲಾಸಿನಲ್ಲಿ ಕೂತು ನೋಡಿದೆ

ನಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮ್‌ನಲ್ಲಿ 20 ಹಾಸಿಗೆ ಇದ್ದವು. ನಾನು ಮತ್ತೆ ಪುಸ್ತಕ ಹಿಡಿಯಲು ಆ 20ರ ಲೆಕ್ಕವೇ ಕಾರಣ. ನರ್ಸ್ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಅರ್ಜಿ ಹಾಕೋಣ ಅಂತ ಕೂತಾಗ ವಿಷಯ ಗೊತ್ತಾಯಿತು. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮಾಡಿದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಬಿಎಸ್ಸಿ ಆಗಿದ್ದರೆ ಆ ಷರತ್ತಿಲ್ಲ. ಮೂರು ವರ್ಷ ನೈಟ್ ಡ್ಯೂಟಿ ಮಾಡಿ ಕಣ್ಣು ಕೆಂಪಗೆ ಮಾಡಿಕೊಂಡವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಊರು ಸಿರುಗುಪ್ಪ ತಾಲೂಕು. ಬಳ್ಳಾರಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಬ್ರದರ್ ಅಂತಾರೆ, ಮನೆಯಲ್ಲಿ ಇನ್ನೂ ಕಾಂಪೌಂಡರ್ ಅಂತಾರೆ.

ಮೊದಲು ನನಗೆ ಸಿಕ್ಕಿದ್ದು ಇಲ್ಲದ ದಾರಿ. ಒಬ್ಬ ಏಜೆಂಟ್ ಒಗ್ಗಾಣಿ ಮಿರ್ಚಿ ಕೊಡಿಸಿ, "ಜಿಎನ್‌ಎಂ ಆಗೇತಲ್ಲಣ್ಣ, ಡೈರೆಕ್ಟ್ ಸೆಕೆಂಡ್ ಇಯರ್ ಬಿಎಸ್ಸಿಗೆ ಟ್ರಾನ್ಸ್‌ಫರ್ ಮಾಡಿಸ್ತೀನಿ" ಅಂದ. 15,000 ಕೊಟ್ಟೆ, 6,000 ವಾಪಸ್ ಬಂತು. ಜಿಎನ್‌ಎಂನ ವರ್ಷಗಳನ್ನು ಬಿಎಸ್ಸಿಯ ವರ್ಷಗಳಿಗೆ ಜಮಾ ಮಾಡುವ ಪದ್ಧತಿ ಇಲ್ಲ. ಜಿಎನ್‌ಎಂ ಆದವರಿಗೆ ಅಂತಲೇ ನರ್ಸಿಂಗ್ ಕೌನ್ಸಿಲ್ ಬೇರೆ ಕೋರ್ಸ್ ಇಟ್ಟಿದೆ: 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಅದು ಬೇಡ ಅಂದರೆ ಪಿಯುಸಿ ಸೈನ್ಸ್ ಮೇಲೆ 4 ವರ್ಷದ ಬಿಎಸ್ಸಿಗೆ ಮೊದಲ ದಿನದಿಂದ ಸೇರಬೇಕು. ಆ 9,000 ನನ್ನ ಟ್ಯೂಷನ್ ಫೀಸು ಅಂದುಕೊಂಡಿದ್ದೇನೆ.

ನಾನು ಮೊದಲು ಸೇರಿದ್ದು 4 ವರ್ಷದ್ದಕ್ಕೇ. "ರೆಗ್ಯುಲರ್ ಬಿಎಸ್ಸಿಗೆ ಬೆಲೆ ಜಾಸ್ತಿ" ಅಂತ ಎಲ್ಲರೂ ಹೇಳುತ್ತಿದ್ದರು, ನಂಬಿದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ 45 ಪರ್ಸೆಂಟ್ ಬೇಕು, ನನಗೆ 52 ಇತ್ತು. ಖಾಸಗಿ ಕಾಲೇಜು, ಮ್ಯಾನೇಜ್‌ಮೆಂಟ್ ಸೀಟು. ಮೂರು ತಿಂಗಳು ಹೋದೆ.

ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷ್, ನರ್ಸಿಂಗ್ ಫೌಂಡೇಶನ್. ಸುಳ್ಳು ಹೇಳಲ್ಲ, ಅನಾಟಮಿ ಪಾಠ ಚೆನ್ನಾಗಿತ್ತು. ಜಿಎನ್‌ಎಂನಲ್ಲಿ ಉರು ಹೊಡೆದಿದ್ದು ಇಲ್ಲಿ ಅರ್ಥ ಆಯಿತು. ಆದರೆ ಫೌಂಡೇಶನ್ ಲ್ಯಾಬ್‌ನಲ್ಲಿ ಬೆಡ್ ಮೇಕಿಂಗ್ ಡೆಮೊ ಶುರುವಾಯಿತು ನೋಡಿ. ಚಾದರದ ಮೂಲೆ ಮಡಚುವುದು ಹೇಗೆ ಅಂತ ಮೇಡಂ ತೋರಿಸುತ್ತಿದ್ದರು. ಹಿಂದಿನ ತಿಂಗಳವರೆಗೂ ರಾತ್ರಿ ಎರಡು ಗಂಟೆಗೆ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿಕೊಂಡು, ಅವರನ್ನು ಎಬ್ಬಿಸದೆ ಚಾದರ ಬದಲಿಸುತ್ತಿದ್ದವನು ನಾನು. ಪಕ್ಕದಲ್ಲಿ ನಿಂತ ಹುಡುಗನಿಗೆ 18 ವರ್ಷ, ನನಗೆ 25. ಅವನು ನನ್ನನ್ನು "ಸರ್" ಅಂದ. ಅಲ್ಲಿಗೆ ಮುಗೀತು ಅನ್ನಿಸಿತು.

ದುಡ್ಡಿನ ಲೆಕ್ಕವೂ ಕೂಡಲಿಲ್ಲ. ಥಿಯರಿಗೆ 80 ಪರ್ಸೆಂಟ್ ಹಾಜರಾತಿ ಬೇಕು. ಪ್ರಾಕ್ಟಿಕಲ್ ಮಾತ್ರ ಡಿಗ್ರಿ ಕೈಗೆ ಬರುವುದರೊಳಗೆ ನೂರಕ್ಕೆ ನೂರು ತುಂಬಿಸಲೇಬೇಕು. ಹಗಲು ಕ್ಲಾಸು, ರಾತ್ರಿ ಡ್ಯೂಟಿ ಅಂತ ಮೂರು ವಾರ ಮಾಡಿದೆ. ಫಿಸಿಯಾಲಜಿ ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ಬೆಂಚಿಗೆ ಹಣೆ ಬಡಿಸಿಕೊಂಡೆ. ಹೀಗೆ ನಾಲ್ಕು ವರ್ಷ? ಆಗದ ಮಾತು.

ಸೇರುವುದಕ್ಕಿಂತ ಬಿಡುವುದು ಕಷ್ಟ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಎಲ್ಲ ಒರಿಜಿನಲ್ ಆಫೀಸಿನಲ್ಲಿದ್ದವು. ಕ್ಲರ್ಕ್ ಡ್ರಾಯರ್ ಎಳೆದರು, ನೀಲಿ ಪ್ಲಾಸ್ಟಿಕ್ ಕವರ್‌ನಲ್ಲಿ ನನ್ನ ಹೆಸರು ಕಾಣಿಸಿತು, ಡ್ರಾಯರ್ ಮುಚ್ಚಿದರು. "ಉಳಿದ ವರ್ಷದ ಫೀಸು ಕಟ್ಟಿ ಒಯ್ಯಪ್ಪ." ನಾಲ್ಕು ಸಲ ಹೋದೆ. ಕೊನೆಗೆ ಜಿಎನ್‌ಎಂನ ಹಳೇ ಸೀನಿಯರ್ ಒಬ್ಬರು ಹೇಳಿಕೊಟ್ಟರು: ಮಕ್ಕಳ ಒರಿಜಿನಲ್ ಸರ್ಟಿಫಿಕೇಟ್ ಕಾಲೇಜುಗಳು ಇಟ್ಟುಕೊಳ್ಳಬಾರದು, ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಆದೇಶ ಹೊರಡಿಸಿದೆ. ಅದರ ಪ್ರಿಂಟ್ ತೆಗೆದು, ಒಂದು ಅರ್ಜಿ ಬರೆದು, ಸ್ವೀಕೃತಿಗೆ ಸೀಲು ಹಾಕಿಕೊಡಿ ಅಂದೆ. ಸೀಲು ಹಾಕಲಿಲ್ಲ. ಮರುದಿನ ಕವರ್ ಕೊಟ್ಟರು. ಕಟ್ಟಿದ ಫೀಸು ಮಾತ್ರ ಬರಲಿಲ್ಲ.

ಮುಂದಿನ ವರ್ಷ ಬಳ್ಳಾರಿಯಲ್ಲೇ ಬೇರೆ ಕಾಲೇಜಿನಲ್ಲಿ ಪೋಸ್ಟ್ ಬೇಸಿಕ್. ಇದಕ್ಕೆ ಜಿಎನ್‌ಎಂ ಅಂಕಪಟ್ಟಿಗಳ ಜೊತೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಬೇಕೇ ಬೇಕು. ಜಿಎನ್‌ಎಂ ಮುಗಿದ ತಕ್ಷಣ ಮಾಡಿಸಿಕೊಳ್ಳದೆ ಸುಮ್ನೆ ಕೂತವರು ಇಲ್ಲಿ ಒದ್ದಾಡುತ್ತಾರೆ. ನಮ್ಮ ಬ್ಯಾಚಿನಲ್ಲೇ ಇಬ್ಬರು ಒದ್ದಾಡಿದರು.

ಮೊದಲ ವರ್ಷ ನನಗೆ ಸಲೀಸು. ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೈಕೆ, ಬಾಣಂತಿ ಆರೈಕೆ ಎಲ್ಲ ಗೊತ್ತಿದ್ದದ್ದೇ, ಸ್ವಲ್ಪ ಆಳಕ್ಕೆ ಹೋಗುತ್ತೆ ಅಷ್ಟೇ. ಬಯೋಕೆಮಿಸ್ಟ್ರಿ ಕಾಡಿತು. ಎರಡನೇ ವರ್ಷ ರಿಸರ್ಚ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಬಂತು. ಲೆಕ್ಕ ಬಿಟ್ಟು ಎಂಟು ವರ್ಷ ಆದವನಿಗೆ ಅದು ಹಾವು ಕಂಡಂಗೆ. ಪಾಠ ಮಾಡುವವರ ವಿಷಯದಲ್ಲಿ ನಾಲ್ಕು ವರ್ಷದ ಕಾಲೇಜೇ ಮೇಲು ಅಂತ ಈಗಲೂ ಹೇಳುತ್ತೇನೆ. ಇಲ್ಲಿ "ನಿಮಗೆ ಗೊತ್ತಿರುತ್ತಲ್ಲ" ಅಂತ ಹಾರಿಸಿಬಿಡುವುದು ಜಾಸ್ತಿ. ಒಂದು ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಒಬ್ಬರು "ಓ, ಪೋಸ್ಟ್ ಬೇಸಿಕ್ಕಾ" ಅಂತ ರಾಗವನ್ನೂ ಎಳೆದರು. ಎಳೆಯಲಿ ಬಿಡಿ. ಎಂಎಸ್ಸಿ ನರ್ಸಿಂಗ್‌ಗೆ ಎರಡೂ ನಡೆಯುತ್ತೆ. ಅಲ್ಲಿ ನಮಗೇ ಒಂದು ಲಾಭ ಇದೆ. ಒಂದು ವರ್ಷದ ಅನುಭವ ಕೇಳುತ್ತಾರೆ. ರೆಗ್ಯುಲರ್‌ನವರು ಡಿಗ್ರಿ ಆದ ಮೇಲೆ ಮಾಡಿರಬೇಕು, ನಮಗೆ ಕೋರ್ಸಿಗೆ ಮುಂಚೆ ಮಾಡಿದ್ದೂ ಸಾಕು.

ಇನ್ನು ಆಸರೆಯ ಮಾತು. ಎರಡೂ ಕಡೆ ಮೆಂಟರ್ ಇದ್ದರು. ನಾಲ್ಕು ವರ್ಷದ ಕಾಲೇಜಿನ ಮೆಂಟರ್ ತಿಂಗಳಿಗೊಮ್ಮೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದರು. "ಪ್ರಾಬ್ಲಮ್ಸ್" ಅನ್ನೋ ಕಾಲಂನಲ್ಲಿ ಎಲ್ಲರೂ "ನಿಲ್" ಅಂತ ಬರೆಯುತ್ತಿದ್ದೆವು. ಪೋಸ್ಟ್ ಬೇಸಿಕ್‌ನ ಮೆಂಟರ್ ರಿಜಿಸ್ಟರ್ ತೆರೆದಿದ್ದೇ ನಾನು ನೋಡಿಲ್ಲ. ಆದರೆ ಯಾರ ಮಗುವಿಗೆ ಜ್ವರ, ಯಾರು ಡ್ಯೂಟಿ ಮುಗಿಸಿ ನೇರ ಬಂದಿದ್ದಾರೆ ಅಂತ ಅವರಿಗೆ ಗೊತ್ತಿರುತ್ತಿತ್ತು.

ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿನಿಂದ ಇಂಟರ್ನಲ್ಸ್ ಪಾಸಾಗುತ್ತೀರಿ, ಅಷ್ಟೇ. ಇಂಪಾರ್ಟೆಂಟ್ ಕ್ವೆಶ್ಚನ್ನು, ಜೆರಾಕ್ಸ್ ಅಂಗಡಿಯ ನೋಟ್ಸು. ಒಂದೇ ಕೇರ್ ಪ್ಲಾನ್ ಹತ್ತು ಜನ ನಕಲು ಮಾಡಿ ಸಿಕ್ಕಿಬಿದ್ದಿದ್ದೂ ಉಂಟು. ರೋಗಿಗೆ ಸಕ್ಕರೆ ಕಾಯಿಲೆ, ಪ್ಲಾನ್‌ನಲ್ಲಿ ಹೆರಿಗೆ ನೋವು.

ಇರುವ ಜಾಗದ ವಿಷಯದಲ್ಲಿ ಗಂಡು ಹುಡುಗರಿಗೆ ನರ್ಸಿಂಗ್ ಅಂದರೆ ಮಲತಾಯಿ ಮನೆ. ನಾನು ಓದಿದ ಎರಡೂ ಕಾಲೇಜಿನಲ್ಲಿ ಹಾಸ್ಟೆಲ್ ಇದ್ದದ್ದು ಹುಡುಗಿಯರಿಗೆ ಮಾತ್ರ. ಮೊದಲು ಊರಿಂದ ದಿನಾ ಓಡಾಡಿದೆ. ಬೇಸಿಗೆಯ ಬಳ್ಳಾರಿ ಗೊತ್ತಲ್ಲ, ಸಂಜೆ ಬಸ್ಸಿನ ಸೀಟು ರೊಟ್ಟಿ ಹಂಚಿನಂತಿರುತ್ತೆ. ಜೊತೆಗೆ ಓದುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಅವರಿಗೆ ಓಡಾಟವೇ ಲಾಭ. ನನಗೆ ಮೂವರು ಸೇರಿ ಮಾಡಿದ ರೂಮೇ ಲಾಭ ಆಯಿತು.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಅಂತ ಆಗ ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಿದ್ದರು. ನನ್ನ ರೂಮಿನ ಡಿಗ್ರಿ ಹುಡುಗ ಅದರಲ್ಲೇ ಬಾಡಿಗೆ ಕಟ್ಟುತ್ತಿದ್ದ. ನನ್ನ ಸ್ಕಾಲರ್‌ಶಿಪ್ ಬರಲೇ ಇಲ್ಲ ಅಂತ ಆರು ತಿಂಗಳು ಬೈದುಕೊಂಡು ಓಡಾಡಿದೆ. ಆಮೇಲೆ ನೋಡಿದರೆ ದುಡ್ಡು ಬಂದಿತ್ತು. ಹಿಂದೊಮ್ಮೆ ಸಿಮ್ ತಗೊಳ್ಳುವಾಗ ಬೆರಳೊತ್ತಿದ್ದಕ್ಕೆ ನನಗೇ ಗೊತ್ತಿಲ್ಲದೆ ಒಂದು ಬ್ಯಾಂಕ್ ಖಾತೆ ತೆರೆದುಕೊಂಡಿತ್ತು, ಆಧಾರ್ ಅದಕ್ಕೇ ಜೋಡಣೆ ಆಗಿತ್ತು. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ನಂಬರ್ ಬರೆದರೂ ಅಷ್ಟೇ, ಆಧಾರ್ ಯಾವುದಕ್ಕೆ ಅಂಟಿದೆಯೋ ದುಡ್ಡು ಅಲ್ಲಿಗೇ ಹೋಗುತ್ತೆ.

ಮನಸ್ಸಿನ ಆಸರೆಗೆ ಒಂದು ಸಲ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದ್ದೇನೆ. ಮಕ್ಕಳ ವಾರ್ಡಿನ ಪೋಸ್ಟಿಂಗ್‌ನಲ್ಲಿ ನನ್ನ ಪಾಲಿಗೆ ಬಂದಿದ್ದ ಮಗು ಬೆಳಗಿನ ಜಾವ ಹೋಯಿತು. ಮರುದಿನ ಕಾಲೇಜಿನಲ್ಲಿ ಆ ಕೇಸ್ ಸ್ಟಡಿ ಯಾವಾಗ ಸಬ್ಮಿಟ್ ಮಾಡ್ತೀಯ ಅಂತ ಕೇಳಿದರು. ರಾತ್ರಿ ಮಾಳಿಗೆ ಮೇಲೆ ಹೋಗಿ ನಂಬರ್ ಒತ್ತಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಹದಿನೈದು ನಿಮಿಷ ಕೇಳಿಸಿಕೊಂಡರು. ನಿದ್ದೆ ಬಂತು.

ಆದರೆ ದಿನದಿನದ ಆಸರೆ ಅಂದರೆ ನನ್ನ ಬೆಂಚಿನ ಅಕ್ಕ. 38 ವರ್ಷ, ಎರಡು ಮಕ್ಕಳು, ಹನ್ನೆರಡು ವರ್ಷದ ಹೆರಿಗೆ ವಾರ್ಡಿನ ಅನುಭವ. ಇಂಗ್ಲಿಷ್ ಓದಲು ಅವರಿಗೆ ತಡಬಡ, ನನಗೆ ಹೆರಿಗೆ ಕೋಣೆಯಲ್ಲಿ ಕೈ ನಡುಕ. ಊಟದ ಬಿಡುವಿನಲ್ಲಿ ನಾನು ಪಾಠ ಓದಿ ಅರ್ಥ ಹೇಳುತ್ತಿದ್ದೆ. ಪೋಸ್ಟಿಂಗ್‌ನಲ್ಲಿ ಅವರು ನನ್ನ ಕೈ ಹಿಡಿದು ಕಲಿಸುತ್ತಿದ್ದರು. ಆಂಧ್ರದ ಕಡೆಯ ರೋಗಿಗಳು ಬಂದರೆ ನನ್ನ ಬದಲು ತೆಲುಗೂ ಅವರೇ ಮಾತಾಡುತ್ತಿದ್ದರು. ಸ್ಟ್ಯಾಟಿಸ್ಟಿಕ್ಸ್ ಶುರುವಾದಾಗ ಇಬ್ಬರೂ ತಲೆ ಮೇಲೆ ಕೈ ಹೊತ್ತು ಕೂತೆವು.

"ತಮ್ಮಾ, ಈ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದ್ರ ಏನು? ರೊಟ್ಟಿ ಲೆಕ್ಕದಾಗ ಹೇಳು."

"ಅಕ್ಕಾ, ನೀವು ಹತ್ತು ರೊಟ್ಟಿ ಬಡೀರಿ, ನಾನೂ ಹತ್ತು ಬಡೀತೀನಿ. ಸರಾಸರಿ ಅಗಲ ಇಬ್ಬರದೂ ಒಂದೇ ಬಂತು ಅಂತ ಇಟ್ಕೊಳ್ಳಿ. ನಿಮ್ಮವು ಎಲ್ಲಾ ಒಂದೇ ಸಮ. ನನ್ನದು ಒಂದು ಗಂಗಾಳದಷ್ಟು, ಇನ್ನೊಂದು ಅಂಗೈಯಷ್ಟು. ಆ ಏರುಪೇರು ಎಷ್ಟೈತಿ ಅನ್ನೋ ಲೆಕ್ಕ ಅದು."

ಅಕ್ಕ ಅದನ್ನೇ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಇಬ್ಬರೂ ಆ ಪೇಪರ್ ಪಾಸಾದೆವು, ಅವರಿಗೆ ನನಗಿಂತ ಮೂರು ಅಂಕ ಜಾಸ್ತಿ. 18ರ ಹುಡುಗರ ನಡುವೆ "ಸರ್" ಆಗಿ ಕೂತಿದ್ದರೆ ಇದು ಸಿಗುತ್ತಿರಲಿಲ್ಲ.

ಇಷ್ಟಾದರೂ ನನ್ನ ತಂಗಿಗೆ ನಾನು ಹೇಳಿರುವುದು 4 ವರ್ಷದ್ದನ್ನೇ. ಅವಳು ಈಗಷ್ಟೇ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಸಿಇಟಿ ಬರೆದಿದ್ದಾಳೆ. ಅವಳು ಜಿಎನ್‌ಎಂಗೆ 3 ವರ್ಷ ಕೊಟ್ಟು, ಆಮೇಲೆ ಪೋಸ್ಟ್ ಬೇಸಿಕ್‌ಗೆ 2 ಕೊಟ್ಟು ಯಾಕೆ ಸುತ್ತಬೇಕು? 371ಜೆ ಸರ್ಟಿಫಿಕೇಟಿಗೆ ಎಸಿ ಆಫೀಸಿನಲ್ಲಿ ಅರ್ಜಿ ಕೊಟ್ಟಾಗಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮ ಭಾಗದವರಿಗೆ 70 ಪರ್ಸೆಂಟ್ ಸೀಟು ಮೀಸಲು, ಆ ಕಾಗದ ಇಲ್ಲದೆ ಹೋಗುವುದು ಬೇಡ. ಒರಿಜಿನಲ್‌ಗಳು ಅದೇ ನೀಲಿ ಕವರ್‌ನಲ್ಲಿವೆ. ಕವರ್ ಮೇಲೆ ನನ್ನ ಹೆಸರು ಹೊಡೆದು ಅವಳ ಹೆಸರು ಬರೆದಿದ್ದೇವೆ, ಒಳಗೆ ಮೂರು ಸೆಟ್ ಜೆರಾಕ್ಸ್ ಮತ್ತು ಆ ಯುಜಿಸಿ ಆದೇಶದ ಪ್ರಿಂಟ್.