ಹಾಸನದಲ್ಲಿ ಸ್ಮಾರಕ ಶಿಲೆ ಮಾಡಿಸುವವರಿಗೆ: ಒಂದು ಕೆತ್ತನೆ ಅಂಗಡಿಯ ಅನುಭವ

ಬಾವಿಗೆ ಬಿದ್ದವರೊಬ್ಬರನ್ನು ಮೇಲೆತ್ತಲು ಇಳಿದು, ವಿಷಗಾಳಿಗೆ ಸಿಕ್ಕಿ ಪ್ರಾಣ ತೆತ್ತ ನಮ್ಮೂರಿನ ಯುವ ಅಗ್ನಿಶಾಮಕನ ಸ್ಮಾರಕ ಶಿಲೆಯನ್ನು ಊರಿನವರು ಚಂದಾ ಎತ್ತಿ, ಹಾಸನ–ಹಳೇಬೀಡು ರಸ್ತೆಯ ಕಲ್ಲು ಕೆತ್ತನೆ ಅಂಗಡಿಯೊಂದರಲ್ಲಿ ಮಾಡಿಸಿದೆವು. ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ವ್ಯವಹಾರಕ್ಕೆ ಅಷ್ಟು ಕೊಡಲಾರೆ.

ಹೋರಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವ ರೂಢಿ ಈ ಸೀಮೆಯಲ್ಲಿ ಹೊಯ್ಸಳರಿಗಿಂತ ಹಳೆಯದು. ಹಾಗಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ ಎಂಬ ಮೂರು ಪಟ್ಟಿಕೆಗಳೂ ಬೇಕೆಂದು ನಮ್ಮ ಹುಡುಗರು ಹಟ ಹಿಡಿದಿದ್ದರು. ಆಚಾರ್ರು ಒಪ್ಪಲಿಲ್ಲ. ಹಗ್ಗ ಹಿಡಿದು ಬಾವಿಗೆ ಇಳಿಯುತ್ತಿರುವವನನ್ನು ಮಾತ್ರ ಕೆಳಗೆ ಕಡೆದು, ಉಳಿದ ಜಾಗವನ್ನು ಅಕ್ಷರಗಳಿಗೆ ಬಿಟ್ಟರು, ಅದೇ ಸರಿಯಾಯಿತು. ಹಗ್ಗದ ಹುರಿಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಹೆಲ್ಮೆಟ್ಟಿನ ಪಟ್ಟಿ ಗದ್ದದಡಿ ಬಿಗಿದಿರುವುದೂ ಕಾಣುತ್ತದೆ. “ಯಜಮಾನ್ರೇ, ಲೇಸರ್ ಫೋಟೊ ಬಿಸಿಲಿಗೆ ಮಂಕಾಗುತ್ತೆ, ಸುಮ್ಮನೆ ದುಡ್ಡು ದಂಡ” ಎಂದು ಹುಡುಗನ ತಂದೆಗೆ ನೇರವಾಗಿಯೇ ಹೇಳಿದರು. ಮಾಡಿಕೊಟ್ಟಿದ್ದರೆ ಅಂಗಡಿಗೇ ಲಾಭವಿತ್ತು.

ಹಳೇಬೀಡಿನ ಸೂಕ್ಷ್ಮ ಕೆತ್ತನೆಗೆ ಒದಗಿದ ಬಳಪದ ಕಲ್ಲು ಮೆದು. ರಸ್ತೆಬದಿಯಲ್ಲಿ ನಿಲ್ಲುವ ಶಿಲೆಗೆಂದು ಅವರು ಚಾಮರಾಜನಗರದ ಕಪ್ಪು ಗ್ರಾನೈಟನ್ನೇ ಆರಿಸಿದರು. ಅಕ್ಷರ ಲೆಕ್ಕದಲ್ಲಿ ದರ, ಒತ್ತಕ್ಷರಕ್ಕೆ ಬೇರೆ ಹಣವಿಲ್ಲ.

ಉಳಿ ಇಡುವ ಮುನ್ನ ಇಡೀ ಒಕ್ಕಣೆಯನ್ನು ಕಲ್ಲಿನ ಅಳತೆಯ ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡುತ್ತಾರೆ. ಮಗ ಇಲಾಖೆ ಸೇರುವ ಮೊದಲು 108 ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸಾ ಸಿಬ್ಬಂದಿಯಾಗಿದ್ದುದು, ಗಾಡಿಯಲ್ಲೇ ಹೆರಿಗೆ ಮಾಡಿಸಿ ತಾಯಿ-ಮಗುವನ್ನು ಆಸ್ಪತ್ರೆ ಮುಟ್ಟಿಸಿದ್ದುದು ಅದರಲ್ಲಿ ಬಿಟ್ಟುಹೋಗಿದೆ ಎಂದು ತಾಯಿ ಹೇಳಿದಾಗ, ಆಚಾರ್ರು ಬೇಸರಿಸದೆ ಸಾಲುಗಳನ್ನೆಲ್ಲ ಮತ್ತೆ ಹೊಂದಿಸಿದರು. ಈಗ ಆ ಸಾಲು ಹೆಸರಿನ ಕೆಳಗೇ ಇದೆ, ಅಗ್ನಿಶಾಮಕ ಹುದ್ದೆಗಿಂತ ಮೊದಲು.

ಇನ್ನು ಕೊರತೆಗಳು. 1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಗೊಂಡಾಗ ಮಡಿದ ಅಗ್ನಿಶಾಮಕರ ನೆನಪಿಗೆ ದೇಶವೆಲ್ಲ ಆಚರಿಸುವ ದಿನದಂದೇ ಶಿಲೆ ನಿಲ್ಲಬೇಕೆಂದು ಮೊದಲೇ ತಿಳಿಸಿದ್ದರೂ, ಹಲವು ಸಲ ಫೋನ್ ಮಾಡಿದ ಮೇಲೆ ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ಲಾರಿ ಬಂತು. ಇಳಿಸುವ ಕ್ರೇನಿನ ಬಾಡಿಗೆ ಬೇರೆ ಎಂಬುದು ಗೊತ್ತಾದದ್ದೂ ಆಗಲೇ. ಲಾರಿ, ಕ್ರೇನು, ಪೀಠದ ಕಾಂಕ್ರೀಟು ಎಲ್ಲವನ್ನೂ ಮುಂಗಡ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅದನ್ನು ಗಲ್ಲಾದಲ್ಲಿ ಕೂರುವ ಮಗನಿಂದ ಬರೆಸಿ, ಆಚಾರ್ರಿಗೆ ಲೆಕ್ಕದ ಗೊಡವೆಯೇ ಇಲ್ಲ.