ಕೆನಡಾದ ನೇರಳೆ 10 ಡಾಲರ್: ನೋಟೂ ಚೆಂದ, ಮುಖ ಆರಿಸಿದ ಕ್ರಮವೂ ಚೆಂದ

ವಿದೇಶಿ ನೋಟು ಸಂಗ್ರಹಿಸುವವರು ಒಂದೇ ಒಂದು ಕೆನಡಾ ನೋಟು ಇಟ್ಟುಕೊಳ್ಳುವುದಾದರೆ ವಿಯೋಲಾ ಡೆಸ್ಮಂಡ್ ಇರುವ ಈ 10 ಡಾಲರನ್ನೇ ಇಟ್ಟುಕೊಳ್ಳಿ. 2018ರ ನವೆಂಬರಿನಲ್ಲಿ ಚಲಾವಣೆಗೆ ಬಂದ, ಉದ್ದಕ್ಕೆ ನಿಲ್ಲಿಸಿ ನೋಡಬೇಕಾದ ಪಾಲಿಮರ್ (ಒಂದು ಬಗೆಯ ಪ್ಲಾಸ್ಟಿಕ್) ನೋಟು ಇದು. ಆ ವರ್ಷದ ಅತ್ಯುತ್ತಮ ನೋಟು ಎಂಬ ಅಂತರರಾಷ್ಟ್ರೀಯ ಬ್ಯಾಂಕ್‌ನೋಟ್ ಸೊಸೈಟಿಯ ಮನ್ನಣೆಯೂ ಇದಕ್ಕೇ ಸಿಕ್ಕಿತು.

ಬ್ಯಾಂಕ್ ಆಫ್ ಕೆನಡಾ 2016ರ ಮಾರ್ಚ್ 8ರಂದು ನೋಟಿನಲ್ಲಿ ಯಾವ ಮಹಿಳೆಯ ಮುಖ ಇರಬೇಕೆಂದು ಜನರಿಂದ ಹೆಸರು ಕೇಳಿತು. ನಿಯಮ ಮೊದಲೇ ಗೊತ್ತು ಮಾಡಿತ್ತು: ಕೆನಡಾದ ಮಹಿಳೆಯೇ ಆಗಿರಬೇಕು, ತೀರಿಕೊಂಡು ಕನಿಷ್ಠ 25 ವರ್ಷ ಆಗಿರಬೇಕು, ಕಥೆಯ ಪಾತ್ರ ಆಗಬಾರದು. 26,000ಕ್ಕೂ ಹೆಚ್ಚು ಸಲಹೆ ಬಂದವು. ನಿಯಮಕ್ಕೆ ಒಪ್ಪಿದ 461 ಹೆಸರು ಸೋಸಿ 12, ಆಮೇಲೆ 5. ಕೊನೆಯ ತೀರ್ಮಾನ ಹಣಕಾಸು ಸಚಿವರದ್ದು. ನಮ್ಮಲ್ಲೂ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುತ್ತದೆ, ಒಪ್ಪಿಗೆ ಕೇಂದ್ರ ಸರ್ಕಾರದ್ದು. ಜನರನ್ನು ಕೇಳುವ ಆ ಮೊದಲ ಹಂತ ಮಾತ್ರ ಇಲ್ಲ. ಇರಬೇಕಿತ್ತು.

ಡೆಸ್ಮಂಡ್ ಹ್ಯಾಲಿಫ್ಯಾಕ್ಸಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಕಪ್ಪು ಮಹಿಳೆ. 1946ರಲ್ಲಿ ನ್ಯೂ ಗ್ಲಾಸ್ಗೋದ ಚಿತ್ರಮಂದಿರವೊಂದರಲ್ಲಿ ಬಿಳಿಯರ ಕಡೆಯ ಸೀಟು ಬಿಟ್ಟು ಏಳಲಿಲ್ಲ. ಹೆಚ್ಚಿನ ದರ ಕೊಡುತ್ತೇನೆಂದರೂ ಕೇಳದೆ ಲಾಕಪ್ಪಿಗೆ ಹಾಕಿದರು. ಹೊರಿಸಿದ ಆರೋಪ, ಎರಡು ಬಗೆಯ ಸೀಟಿನ ಟಿಕೆಟ್ ತೆರಿಗೆಯಲ್ಲಿದ್ದ 1 ಸೆಂಟ್ ವ್ಯತ್ಯಾಸದ ವಂಚನೆ! ಕ್ಷಮಾದಾನ ಬಂದದ್ದು 2010ರಲ್ಲಿ, ಅವರು ತೀರಿಕೊಂಡು 45 ವರ್ಷದ ಮೇಲೆ. ನೋಟಿನಲ್ಲಿ ಅವರ ಬೆನ್ನ ಹಿಂದೆ ಕಾಣುವ ಬಣ್ಣದ ಗೆರೆಗಳು ಬರೀ ಅಲಂಕಾರವಲ್ಲ, ಪಾರ್ಲರ್ ಇದ್ದ ಬೀದಿಯನ್ನೂ ಒಳಗೊಂಡ ಹಳೇ ಹ್ಯಾಲಿಫ್ಯಾಕ್ಸಿನ ನಕ್ಷೆ. ಭೂತಗನ್ನಡಿ ಹಿಡಿದು ನೋಡಿ.

ಅದೇ ನಿಯಮವನ್ನು ನಮ್ಮ ಕಡೆಗೆ ಹಚ್ಚಿದರೆ? ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಸಲೀಸಾಗಿ ಪಾಸಾಗುತ್ತಾರೆ. ಕೆತ್ತನೆಗೆ ಬೇಕಾದ ಒಳ್ಳೆಯ ಫೋಟೋಗಳೂ ಇವೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ. ತೊಡಕು ಮುಖದ್ದು: ಈಗ ಕಾಣುವ ಚಿತ್ರಗಳೆಲ್ಲ ನಂತರದ ಕಲಾವಿದರ ಕಲ್ಪನೆ.

ಕೊಳ್ಳುವಾಗ ಮೊದಲು ನೋಟನ್ನು ಬೆಳಕಿನಲ್ಲಿ ಓರೆ ಮಾಡಿ. ಹದ್ದಿನ ಗರಿ ಚಿನ್ನದ ಬಣ್ಣದಿಂದ ಹಸಿರಿಗೆ ತಿರುಗಬೇಕು. ರಾಜಲಾಂಛನದ ಕೆಳಗಿನ ಮೇಪಲ್ ಎಲೆ ಉಬ್ಬಿದಂತೆ ಕಂಡರೂ ಬೆರಳಿಗೆ ಚಪ್ಪಟೆಯಾಗಿಯೇ ಹತ್ತಬೇಕು. ಪಾರದರ್ಶಕ ಕಿಟಕಿಯ ಲೋಹದ ಚಿತ್ರ ಎರಡೂ ಬದಿಯಿಂದ ಅಷ್ಟೇ ಸ್ಪಷ್ಟವಾಗಿರಬೇಕು.

ಕರಾವಳಿಯ ಮಳೆಗಾಲಕ್ಕೆ ಪಾಲಿಮರ್ ಒಳ್ಳೆಯದು, ಕಾಗದದಂತೆ ತೇವ ಹೀರಿ ಬೂಷ್ಟು ಹಿಡಿಯುವುದಿಲ್ಲ. ಕೆಡುವುದು ಬೇರೆ ಕಾರಣಕ್ಕೆ. ಮಡಚಿದ ಗೆರೆ ಹೋಗುವುದೇ ಇಲ್ಲ, ಆ ಗೆರೆಯ ಮೇಲೆ ಶಾಯಿಯೂ ಸವೆಯುತ್ತದೆ. ಸರಿಮಾಡಲೆಂದು ಇಸ್ತ್ರಿ ಇಟ್ಟರೆ ಮುದುಡಿ ಹಾಳಾಗುತ್ತದೆ. ಪಿವಿಸಿ ಕವರ್ ಬೇಡ, ಸೆಕೆಗೆ ಅಂಟಂಟಾಗಿ ನೋಟಿಗೆ ಹಿಡಿಯುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್ ಕೇಳಿ. ಅಳತೆ 152.4 × 69.85 ಮಿ.ಮೀ. ಸಾಮಾನ್ಯ ಆಲ್ಬಮಿನ ಅಡ್ಡ ಜೇಬಿನಲ್ಲಿ ಡೆಸ್ಮಂಡ್ ಮಲಗಿದಂತೆ ಕಾಣುತ್ತಾರೆ, ಹಾಗಾಗಿ ಬಿಡಿ ಕವರಿನಲ್ಲಿ ನಿಲ್ಲಿಸಿಡುವುದೇ ಸರಿ.

ಬೆಲೆಯ ಮಾತು: ಚಲಾವಣೆಯಲ್ಲಿರುವ ನೋಟಿದು, ಅಪರೂಪದ್ದಲ್ಲ. ಕೈ ಬದಲಾಯಿಸಿದ ನೋಟಿಗೆ ಆ ದಿನದ ವಿನಿಮಯ ದರಕ್ಕಿಂತ ತುಂಬ ಹೆಚ್ಚು ಕೊಡಬೇಡಿ. ಮಡಿಕೆಯಿಲ್ಲದ ಹೊಚ್ಚ ಹೊಸದಾದರೆ ಸ್ವಲ್ಪ ಹೆಚ್ಚು ಕೊಡಬಹುದು.