ಸಬ್‌ವರ್ಷನ್ನೋ ಗಿಟ್ಟೋ: ಆಟಿಯ ಮಳೆಗೆ ಯಾವುದು ತಾಳೀತು?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಮನೆಯಲ್ಲೇ ಕೂತು ಕೋಡ್ ಬರೆಯುವ ನಾಲ್ಕೈದು ಜನರ ತಂಡ ಮೊದಲು ಕೇಳಬೇಕಾದ್ದು ಒಂದೇ: ಆಟಿ ತಿಂಗಳಲ್ಲಿ ಕರೆಂಟು, ನೆಟ್ ಎರಡೂ ಕೈಕೊಟ್ಟರೆ ಕೆಲಸ ಎಲ್ಲಿಗೆ ನಿಲ್ಲುತ್ತದೆ? ಸಬ್‌ವರ್ಷನ್, ಗಿಟ್ ಎರಡೂ ಕೋಡಿನ ಒಂದೊಂದು ಬದಲಾವಣೆಯನ್ನೂ ಇತಿಹಾಸವಾಗಿ ದಾಖಲಿಸಿಡುವ ತಂತ್ರಾಂಶಗಳು.

ಸಬ್‌ವರ್ಷನ್ನಿನಲ್ಲಿ (1.0 ಬಂದದ್ದು 2004ರಲ್ಲಿ) ಇತಿಹಾಸವೆಲ್ಲ ಒಂದೇ ಸರ್ವರಿನಲ್ಲಿ. ನೆಟ್ ಇಲ್ಲದಿದ್ದರೂ ಡಿಫ್ (ಏನು ಬದಲಾಯಿತೆಂದು ನೋಡುವುದು), ರಿವರ್ಟ್ (ಬದಲಾವಣೆಯನ್ನು ರದ್ದುಮಾಡುವುದು) ನಡೆಯುತ್ತವೆ. ಅದಕ್ಕೆ ಬೇಕಾದ ಮೂಲ ಪ್ರತಿ ನಿಮ್ಮ ಫೋಲ್ಡರಿನೊಳಗೇ ಅಡಗಿರುತ್ತದೆ. ಕಮಿಟ್ (ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸುವುದು), ಲಾಗ್ (ಆ ಇತಿಹಾಸದ ಪಟ್ಟಿ), ಬ್ಲೇಮ್ (ಯಾವ ಸಾಲು ಯಾರದ್ದೆಂಬ ವಿವರ) ಮಾತ್ರ ಸರ್ವರ್ ಸಿಗುವವರೆಗೆ ಕಾಯಬೇಕು. ಕಾದು ಕಾದು ಎರಡು ದಿನದ ಕೆಲಸವನ್ನು ಒಂದೇ ಕಮಿಟ್ಟಿಗೆ ತುರುಕಿದರೆ, ಯಾವ ಸಾಲು ಯಾಕೆ ಬದಲಾಯಿತೆಂದು ಆಮೇಲೆ ಬರೆದವರಿಗೇ ತಿಳಿಯದು.

2005ರ ಗಿಟ್‌ನಲ್ಲಿ ಈ ರಗಳೆಯಿಲ್ಲ. ಕ್ಲೋನ್ (ಇತಿಹಾಸ ಸಮೇತ ಪೂರ್ತಿ ನಕಲು ಇಳಿಸುವುದು) ಒಮ್ಮೆ ಆಯಿತೆಂದರೆ ಕಮಿಟ್, ಬ್ರಾಂಚ್ (ಕೆಲಸದ ಬೇರೆ ಕವಲು), ಲಾಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ. (ಪುಶ್ ಮಾಡದ, ಅಂದರೆ ಸರ್ವರಿಗೆ ಕಳಿಸದ ಕಮಿಟ್ ಇರುವುದೂ ಅಲ್ಲೇ, ಸಿಡಿಲು ಬಡಿದು ಡಿಸ್ಕ್ ಹೋದರೆ ಅದೂ ಹೋಯಿತು.) ಪೇಚಾಟವೆಲ್ಲ ಮೊದಲ ಕ್ಲೋನಿನಲ್ಲಿ. ಮುಕ್ಕಾಲು ಪಾಲು ಇಳಿದಾಗ ಲೈನ್ ಕಡಿದರೆ ಗಿಟ್ ಅಷ್ಟನ್ನೂ ಬಿಸಾಡಿ ಸೊನ್ನೆಯಿಂದ ಶುರುಮಾಡುತ್ತದೆ. ಸಬ್‌ವರ್ಷನ್ ಇಲ್ಲಿ ಎಷ್ಟೋ ವಾಸಿ: ಕ್ಲೀನಪ್ ಕೊಟ್ಟು ಅಪ್‌ಡೇಟ್ ಮಾಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಗಿಟ್ಟಿಗೆ ಎರಡು ದಾರಿ. ಕ್ಲೋನಿಗೆ ಡೆಪ್ತ್ 1 ಎಂದು ಕೊಟ್ಟು ಕೊನೆಯ ಕಮಿಟ್ ಮಾತ್ರ ಇಳಿಸಿ, ಆಮೇಲೆ ಸರ್ವರಿನಿಂದ ತರಿಸುವ ಫೆಚ್‌ಗೆ ಡೀಪನ್ 100 ಸೇರಿಸುತ್ತ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗಬಹುದು. ಆದರೆ ಹಾಗೆ ಮಾಡಿದರೆ ಒಂದೇ ಬ್ರಾಂಚ್ ಬರುತ್ತದೆ, ಉಳಿದವು ಎಲ್ಲಿ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕಿಂತ, ಒಳ್ಳೆ ಲೈನ್ ಇರುವವರಿಂದ ಗಿಟ್ ಬಂಡಲ್ (ಇತಿಹಾಸವೆಲ್ಲ ಒಂದೇ ಫೈಲಿನಲ್ಲಿ) ಮಾಡಿಸಿ, ಆ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಅದರಿಂದಲೇ ಕ್ಲೋನ್ ಮಾಡಿ. ರಿಮೋಟ್ (ಗಿಟ್ ಎಲ್ಲಿಂದ ತರುತ್ತದೆ, ಎಲ್ಲಿಗೆ ಕಳಿಸುತ್ತದೆ ಎಂಬ) ವಿಳಾಸವನ್ನು ಸರ್ವರಿನದ್ದಕ್ಕೆ ಬದಲಿಸಲು ಮರೆಯಬೇಡಿ.

ಕನ್ನಡ, ಮಲಯಾಳ ಹೆಸರಿನ ಫೈಲುಗಳು ಒಟ್ಟೊಟ್ಟಿಗೆ ಇರುವಲ್ಲಿ ಇನ್ನೊಂದು ತಮಾಷೆಯಿದೆ. ಯಾವ ಫೈಲ್ ಬದಲಾಗಿದೆಯೆಂದು ನೋಡಲು ಗಿಟ್ ಸ್ಟೇಟಸ್ ಕೊಟ್ಟರೆ ಕನ್ನಡದ ‘ಕ’ ಇರಬೇಕಾದಲ್ಲಿ \340\262\225, ಮಲಯಾಳದ ‘ಕ’ಕಾರಕ್ಕೆ \340\264\225. ನಡುವಿನ ಅಂಕಿಯಷ್ಟೇ ಬೇರೆ! ಫೈಲ್ ಏನೂ ಕೆಟ್ಟಿಲ್ಲ. ಕಾನ್ಫಿಗ್‌ನಲ್ಲಿ ಕೋರ್ ವಿಭಾಗದ ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಅಕ್ಷರ ಅಕ್ಷರವಾಗಿಯೇ ಕಾಣುತ್ತದೆ.

ಕೋಡಿಗೆ ಗಿಟ್, ಅನುಮಾನವೇ ಬೇಡ. ಫೋಟೋಶಾಪ್ ಫೈಲುಗಳೇ ಹೆಚ್ಚಿದ್ದರೆ ಮಾತು ಬೇರೆ. ಇಬ್ಬರು ತಿದ್ದಿದ ಚಿತ್ರವನ್ನು ಮರ್ಜ್ ಮಾಡಿ ಒಂದಾಗಿಸಲಾಗದು. ಸಬ್‌ವರ್ಷನ್ನಿನಲ್ಲಿ ನೀಡ್ಸ್-ಲಾಕ್ ಗುಣ ಹಚ್ಚಿದರೆ ಬೀಗ ಹಾಕುವವರೆಗೆ ಫೈಲ್ ಓದಲಿಕ್ಕೆ ಮಾತ್ರ. ಬೀಗ ಹಾಕಿ ಮದುವೆಗೆ ಹೋದವರದ್ದನ್ನು ಅನ್‌ಲಾಕ್‌ಗೆ ಫೋರ್ಸ್ ಕೊಟ್ಟು ಒಡೆಯಬಹುದು. ಗಿಟ್‌ನಲ್ಲಿ ಇದಕ್ಕೆ ಎಲ್‌ಎಫ್‌ಎಸ್ (ದೊಡ್ಡ ಫೈಲುಗಳನ್ನು ಬೇರೆಯಾಗಿ ಇಡುವ ವ್ಯವಸ್ಥೆ) ಜೋಡಿಸಬೇಕು, ಅದನ್ನು ಮೊದಲ ದಿನವೇ ಮಾಡಿ. 100 ಎಂಬಿ ದಾಟಿದ ಫೈಲ್ ಸಾಮಾನ್ಯ ಕಮಿಟ್ಟಿನಲ್ಲಿ ಸೇರಿತೆಂದರೆ ಗಿಟ್ ಕೋಡ್ ಇಡುವ ತಾಣವಾದ ಗಿಟ್‌ಹಬ್ ಪುಶ್ ತಡೆಯುತ್ತದೆ. ಮುಂದಿನ ಕಮಿಟ್ಟಿನಲ್ಲಿ ಅಳಿಸಿದರೂ ಸಾಲದು, ಇತಿಹಾಸದಿಂದಲೇ ಕಿತ್ತು ತೆಗೆಯಬೇಕು.